ಹದಿನೆಂಟು ತುಂಬಿದ ಆ ಜೂನ್

ಅದಿರಿನ ಪುಡಿಯ ಮೇಲೆ ಮೊದಲ ಮಳೆ ಬಿದ್ದರೆ ರಕ್ತದ ವಾಸನೆ ಬರುತ್ತದೆ. ಗಣಿಗಾರಿಕೆಯ ಆ ಕಾಲದಲ್ಲಿ ಬಳ್ಳಾರಿಯಲ್ಲಿದ್ದವರಿಗೆಲ್ಲ ಇದು ಗೊತ್ತು. ಮೊನ್ನೆ ಸಿರುಗುಪ್ಪಕ್ಕೆ ಹೊರಟಿದ್ದೆ. ಅಲ್ಲಿಯ ಆಶ್ರಮವೊಂದರಲ್ಲಿ ಬೆಳೆದು ಪಿಯುಸಿ ಮುಗಿಸಿದ ನಾಲ್ವರು ಹುಡುಗಿಯರಿಗೆ ಕಾಲೇಜಿನ ಅರ್ಜಿ ತುಂಬಲು ನೆರವಾಗಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಈಗ ನನ್ನ ಕೆಲಸವೇ ಅದು. ಬಳ್ಳಾರಿ ದಾಟುವ ಮುಂಚೆ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ಹಳಿಯ ಪಕ್ಕ, ಯಾವಾಗಲೋ ಸುರಿದು ಬಿಟ್ಟುಹೋದ ಅದಿರಿನ ಗುಡ್ಡೆ, ಅದರ ಮೇಲೆ ಹುಲ್ಲು. ಮಳೆ ಹನಿಯಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ, ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ನನಗೆ ಹದಿನೆಂಟು ತುಂಬಿದ ವರ್ಷದ ಜೂನ್ ತಿಂಗಳು ನೆನಪಾಯಿತು.

ನಾನು ಹುಲಿಗೆಮ್ಮ. ಹುಟ್ಟಿದ್ದು ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಯ ಹಿಂದಿನ ಸಾಲುಮನೆಯಲ್ಲಿ. ಅವ್ವ ಗಿರಣಿಯ ಕಣದಲ್ಲಿ ಕುದಿಸಿದ ಭತ್ತವನ್ನು ಕಾಲಿನಿಂದ ಹರವಿ ಒಣಗಿಸುತ್ತಿದ್ದಳು. ಅಪ್ಪ ಗಿರಣಿಯ ಲಾರಿ ಓಡಿಸುತ್ತಿದ್ದ. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ಶುರುವಾಯಿತು. ಅಪ್ಪ ಹೊರಗೆ ಹೋಗಿ ಲಾರಿಯಿಂದ ಜಾಕಿಯ ರಾಡು ತಂದ. ನಾನು ಹೊಸ್ತಿಲ ಮೇಲೆ ಕುಳಿತು ಮಗ್ಗಿ ಬರೆಯುತ್ತಿದ್ದೆ. ನನ್ನನ್ನು ದಾಟಿಕೊಂಡೇ ಒಳಗೆ ಹೋದ. ಮೊದಲ ಏಟಿಗೇ ಅವ್ವ ಬಿದ್ದಳು. ಬಿದ್ದವಳಿಗೆ ಮತ್ತೆರಡು ಹಾಕಿದ. ಆಮೇಲೆ ಕೈ ತೊಳೆದುಕೊಂಡು ಬಂದು, ತಟ್ಟೆಯಲ್ಲಿ ಉಳಿದಿದ್ದ ಅನ್ನ ತಿಂದ. ಇದನ್ನು ಮರು ವರ್ಷ ಬಳ್ಳಾರಿಯ ಕೋರ್ಟಿನಲ್ಲಿ ನಿಂತು ನಾನೇ ಹೇಳಿದೆ. ಕಟಕಟೆಯ ಮೇಲೆ ನನ್ನ ಮುಖ ಕಾಣಲಿಲ್ಲವೆಂದು ಜವಾನ ಒಂದು ಸ್ಟೂಲು ತಂದಿಟ್ಟ. "ಇದನ್ನ ನಿನಗ ಯಾರು ಹೇಳಿಕೊಟ್ರು?" ಎಂದು ಅಪ್ಪನ ವಕೀಲ ಕೇಳಿದ. "ಯಾರೂ ಇಲ್ರಿ, ನಾ ಅಲ್ಲೇ ಇದ್ದೆ" ಎಂದೆ. ಸಿಟ್ಟಿನ ಭರದಲ್ಲಿ ಹೊಡೆದದ್ದೆಂದು ಅಪ್ಪನಿಗೆ ಹತ್ತು ವರ್ಷ ಜೈಲಾಯಿತು. ಅವ್ವ ಸತ್ತ ವಾರವೇ ನಾನು ಬಳ್ಳಾರಿಯಲ್ಲಿ, ಕೌಲ್ ಬಜಾರಿನ ಆಚೆಗಿದ್ದ ಹೆಣ್ಣುಮಕ್ಕಳ ಆಶ್ರಮಕ್ಕೆ ಬಂದಿದ್ದೆ.

ಆಶ್ರಮದಲ್ಲಿ ಒಂಬತ್ತು ವರ್ಷ ಇದ್ದೆ. ಊಟ ಇತ್ತು, ಸಾಲಿ ಇತ್ತು, ಹೊಡೆತವೂ ಇತ್ತು. ದೊಡ್ಡವರು ಸಣ್ಣವರಿಗೆ ಹೊಡೆಯುತ್ತಿದ್ದರು, ಸಣ್ಣವರು ದೊಡ್ಡವರಾಗಿ ಮತ್ತೆ ಸಣ್ಣವರಿಗೆ ಹೊಡೆಯುತ್ತಿದ್ದರು. ನಾನು ಯಾರಿಗೂ ಕೈ ಎತ್ತಲಿಲ್ಲ. ಒಳ್ಳೆಯವಳೆಂದಲ್ಲ. ಎತ್ತಿದರೆ ಎಲ್ಲಿ ನಿಲ್ಲುತ್ತದೋ ಎಂಬ ಹೆದರಿಕೆ.

ಪಿಯುಸಿ ಫಲಿತಾಂಶ ಬಂದಾಗ ಆಶ್ರಮದಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾನೊಬ್ಬಳೇ. ಬಳ್ಳಾರಿ ಆಗ ಕೆಂಪಗಿತ್ತು. ಅದಿರಿನ ಲಾರಿಗಳು ಹಗಲೆಲ್ಲ ಸಾಲುಗಟ್ಟಿ ಹೋಗುತ್ತಿದ್ದವು. ಒಣಹಾಕಿದ ಬಟ್ಟೆ, ಕುಡಿಯುವ ನೀರು, ಕಣ್ಣ ರೆಪ್ಪೆ, ಎಲ್ಲದರ ಮೇಲೂ ಕೆಂಪು ಪುಡಿ. ವಾರಕ್ಕೊಬ್ಬರಾದರೂ ಲಾರಿಯಡಿ ಸಿಕ್ಕು ಸಾಯುತ್ತಿದ್ದರು. ಜನ ಸೇರಿ ಲಾರಿಗೆ ಬೆಂಕಿ ಹಚ್ಚುತ್ತಿದ್ದರು, ಡ್ರೈವರ್ ಸಿಕ್ಕರೆ ಅವನನ್ನೂ ಸಾಯ ಹೊಡೆಯುತ್ತಿದ್ದರು. ನಮ್ಮ ಗೇಟಿನ ಎದುರಿಗೇ ಒಮ್ಮೆ, ದಾರಿ ಬಿಡಲಿಲ್ಲವೆಂದು ದೊಡ್ಡ ಕಾರಿನಿಂದಿಳಿದ ನಾಲ್ವರು ಒಬ್ಬ ಆಟೋದವನನ್ನು ಹಾಕಿ ಆಟದ ಕೋಲುಗಳಿಂದ ಬಡಿದು, ಅವನದೇ ಆಟೋದೊಳಗೆ ತುರುಕಿ ಹೋದರು. ಪೊಲೀಸರು ಮರುದಿನ ಬಂದರು. ಹೊಸದಾಗಿ ಲಾರಿ ಕೊಂಡವರು ಆಶ್ರಮಕ್ಕೆ ಹೆಣ್ಣು ಕೇಳಿಕೊಂಡು ಬರುತ್ತಿದ್ದರು. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿ, ಹೊಡೆದರೂ ಕೇಳುವವರಿಲ್ಲ. ಆ ಬೇಸಿಗೆಯಲ್ಲೇ ಇಬ್ಬರ ಮದುವೆಯಾಯಿತು.

"ಹದಿನೆಂಟು ತುಂಬಿದ ಮ್ಯಾಲೆ ಇಲ್ಲಿ ಇಟ್ಕೊಳ್ಳಾಕ ಬರೋದಿಲ್ಲವ್ವ," ಎಂದರು ಆಶ್ರಮದ ಮೇಲ್ವಿಚಾರಕಿ. ಕೆಟ್ಟ ಹೆಂಗಸಲ್ಲ, ದಣಿದ ಹೆಂಗಸು. "ಜೂನ್ ಹತ್ತಕ್ಕ ನಿನಗ ತುಂಬತೈತಿ. ಸಂಬಂಧಿಕರು ಬಂದ್ರ ಕಳಿಸ್ತೀವಿ. ಇಲ್ಲಂದ್ರ ಮದುವಿ. ಏನಂತಿ?"

ನಾನು ಅಂಕಪಟ್ಟಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟೆ.

ಮುಮ್ತಾಜ್ ಮೇಡಂ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಕುರುಗೋಡಿನವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಲವತ್ತರ ಆಸುಪಾಸು, ಸಣ್ಣ ಆಳು, ಜೋರು ದನಿ. ನಮ್ಮನ್ನೆಲ್ಲ ಊಟದ ಕೋಣೆಯಲ್ಲಿ ಕೂರಿಸಿ ಹೇಳಿದರು: "ಆಶ್ರಮದಾಗ ಬೆಳೆದ ಹುಡುಗ್ಯಾರಿಗೆ ನಮ್ಮ ಕಾಲೇಜಿನ್ಯಾಗ ಸೀಟು ಕೊಡಿಸ್ತೀವಿ, ಹಾಸ್ಟೆಲ್ಲೂ ಕೊಡಿಸ್ತೀವಿ. ಈ ವರ್ಷ ಪ್ರಯತ್ನಕ್ಕ ಅಂತ ಒಂದ ಸೀಟಿಗೆ ಒಪ್ಪ್ಯಾರ. ಅದಕ್ಕೂ ಮೂರು ವರ್ಷ ಗುದ್ದಾಡೀನಿ. ಯಾರು ಬರ್ತೀರಿ?"

ಕೈ ಎತ್ತಿದವಳು ನಾನೊಬ್ಬಳೇ. ಅವರು ಅಲ್ಲೇ ಬೆಂಚಿನ ಮೇಲೆ ಕುಳಿತು ನನ್ನಿಂದ ಅರ್ಜಿ ಬರೆಸಿದರು. ಒಂದೊಂದೇ ಕಾಲಂ ತುಂಬುತ್ತಾ ಬಂದು ಕೊನೆಗೆ 'ಪೋಷಕರ ಸಹಿ' ಎಂಬಲ್ಲಿ ನಿಂತೆವು. ಮೇಲ್ವಿಚಾರಕಿ ತಲೆಯಾಡಿಸಿದರು. ಪ್ರವೇಶದ ದಿನವೂ ಜೂನ್ ಹತ್ತೇ ಆಗಿತ್ತು. ಆ ದಿನ ನನಗೆ ಹದಿನೆಂಟು ತುಂಬುತ್ತದೆ, ಆಶ್ರಮ ನನ್ನ ಪೋಷಕ ಅಲ್ಲ. ಹಾಸ್ಟೆಲು ತೆರೆಯುವುದು ಜುಲೈನಲ್ಲಿ. ನಡುವಿನ ಇಪ್ಪತ್ತು ದಿನ ನಾನು ಯಾರ ಕಾಗದದಲ್ಲೂ ಇರಲಿಲ್ಲ.

"ಬರೆದವರ್ಯಾರೋ ಈ ಕಾನೂನು," ಎಂದರು ಮೇಡಂ. "ಅರ್ಜಿ ಹಂಗ ಇರಲಿ. ಹತ್ತನೇ ತಾರೀಕು ಬೆಳಿಗ್ಗೆ ನಾನ ಬಂದು ಕರ್ಕೊಂಡು ಹೋಗ್ತೀನಿ. ಕಾಲಂ ತುಂಬಾಕ ಏನರ ದಾರಿ ಮಾಡೂಣು."

ಅದಕ್ಕಿಂತ ಮೊದಲೇ ಅಪ್ಪ ಬಂದ.

ನಡುಮಧ್ಯಾಹ್ನ. ಗೇಟಿನ ಹೊರಗೆ ಅದಿರಿನ ಲಾರಿ ನಿಂತಿತು. ಇಳಿದವನ ಕೂದಲು ಪೂರ್ತಿ ನೆರೆತಿತ್ತು; ಅದರ ಮೇಲೆ ಕೂತ ಕೆಂಪು ಪುಡಿ ಮದರಂಗಿ ಹಚ್ಚಿದಂತಿತ್ತು. ನಡಿಗೆಯಿಂದ ಗುರುತು ಹಿಡಿದೆ. ಆ ವರ್ಷ ಸ್ಟೇರಿಂಗ್ ಹಿಡಿಯಲು ಬಂದವರಿಗೆಲ್ಲ ಲಾರಿ ಸಿಗುತ್ತಿತ್ತು. ಜೈಲಿನಿಂದ ಬಂದ ವಾರದೊಳಗೆ ಅವನಿಗೂ ಸಿಕ್ಕಿತ್ತು.

ಕಚೇರಿಯಲ್ಲಿ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿದರು.

"ಎಷ್ಟ್ ದೊಡ್ಡಾಕಿ ಆಗೀದಿ, ಹುಲಿಗಿ," ಎಂದ. "ಅವ್ವನ ಮಾರಿ."

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ನಿನ್ನ ಸಾಕ್ಷಿಯಿಂದ ನಾ ಒಳಗ ಹೋದೆ. ಆದ್ರೂ ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಸಣ್ಣ ಕೂಸು, ಏನ್ ಗೊತ್ತಿತ್ತು ನಿನಗ! ಈಗ ನಡಿ. ನಮ್ಮ ಲಾರಿ ಮಾಲಕನ ತಮ್ಮ ಅದಾನ, ಸಿರುಗುಪ್ಪದಾಗ ದೊಡ್ಡ ಮನಿ. ಮಾತು ಕೊಟ್ಟೀನಿ."

"ನಾ ಕಾಲೇಜಿಗೆ ಹೋಗ್ತೀನಿ," ಎಂದೆ. ಒಂಬತ್ತು ವರ್ಷದ ನಂತರ ಅವನಿಗೆ ನಾನಾಡಿದ ಮೊದಲ ಮಾತು ಅದು.

ಅವನು ನಕ್ಕ. ಮೇಜಿನ ಮೇಲಿದ್ದ ಅವನ ಬೆರಳುಗಳು ಮಾತ್ರ ಬಿಗಿಯಾದವು. ಆ ಬಿಗಿತ ನನಗೆ ಗೊತ್ತಿತ್ತು. "ಹತ್ತನೇ ತಾರೀಕು ಬಂದು ಕರ್ಕೊಂಡು ಹೋಗ್ತೀನಿ," ಎಂದು ಮೇಲ್ವಿಚಾರಕಿಗೆ ಹೇಳಿ ಹೋದ.

ಜೂನ್ ಹತ್ತರ ಬೆಳಿಗ್ಗೆ ಮೋಡ ಕವಿದಿತ್ತು. ಮೇಡಂ ಹೇಳಿದಂತೆ ಆಟೋ ತಂದರು. ಮೇಲ್ವಿಚಾರಕಿ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದು, ಬಟ್ಟೆಯ ಗಂಟು ಕೈಗಿತ್ತು, "ಅವರಪ್ಪ ಬಂದು ಕೇಳಿದ್ರ ನಾ ಸುಳ್ಳು ಹೇಳಾಕ ಆಗೂದಿಲ್ರಿ ಮೇಡಂ," ಎಂದರು. ಸುಳ್ಳು ಹೇಳಲಿಲ್ಲ. ನಾವು ಕಾಲೇಜಿನ ಕೌಂಟರಿನ ಸಾಲಿನಲ್ಲಿ ನಿಂತು ಅರ್ಧ ಗಂಟೆಯೂ ಆಗಿರಲಿಲ್ಲ, ಲಾರಿ ಕಾಲೇಜಿನ ಗೇಟಿನಲ್ಲಿ ಬಂದು ನಿಂತಿತು. ಮೊದಲ ಮಳೆ ಆಗಷ್ಟೇ ಶುರುವಾಗಿತ್ತು. ಅಪ್ಪ ಇಳಿದು ನೇರ ಬಂದ. ಕೈಯಲ್ಲಿ ಕಬ್ಬಿಣದ ರಾಡು. ಹೆದರಿಸಲು ತಂದನೋ, ಹೊಡೆಯಲೆಂದೇ ತಂದನೋ ನನಗೆ ಇಂದಿಗೂ ಗೊತ್ತಿಲ್ಲ.

ಸಾಲು ಚದುರಿತು. ಅವನು ನನ್ನ ಕೈಯಿಂದ ಅರ್ಜಿ ಕಿತ್ತು ಎರಡು ತುಂಡು ಮಾಡಿದ. ಜಡೆ ಹಿಡಿದು ಎಳೆದ. ನಾನು ಮೊಣಕಾಲ ಮೇಲೆ ಬಿದ್ದೆ. ಹಾಗೇ ಎಳೆದುಕೊಂಡು ಹೊರಟ. ಮೇಡಂ ನನ್ನ ಸೊಂಟ ತಬ್ಬಿ ಹಿಡಿದರು. "ಬಿಡ್ರಿ ಆಕಿನ್ನ! ಹದಿನೆಂಟು ತುಂಬೈತಿ ಆಕಿಗೆ! ಆಕಿ ಎಲ್ಲಿ ಹೋಗಬೇಕಂತ ಆಕಿನ ಹೇಳ್ತಾಳ!" ಎಂದು ಕೂಗುತ್ತಿದ್ದರು. ಇನ್ನೂರು ಜನ ನೋಡುತ್ತಿದ್ದರು. ಗುಮಾಸ್ತ ಕೌಂಟರಿನ ಕಿಟಕಿ ಎಳೆದುಕೊಂಡ.

"ತುರುಕರಾಕಿ, ನನ್ನ ಮಗಳನ್ನ ಏನ್ ಮಾಡಾಕ ಹೊಂಟೀ?" ಎಂದವನೇ ಅಪ್ಪ ರಾಡು ಬೀಸಿದ. ಮೇಡಂ ತಲೆಗೆ ಬರುತ್ತಿದ್ದುದಕ್ಕೆ ಬಲಗೈ ಅಡ್ಡ ಒಡ್ಡಿದರು. ಒಣ ತೊಗರಿಕಟ್ಟಿಗೆ ಮುರಿದಂತೆ ಸದ್ದಾಯಿತು. ಅವರು ಕೂಗಲಿಲ್ಲ, ಉಸಿರು ಒಳಗೆಳೆದುಕೊಂಡು ಕುಸಿದರು. ಆದರೂ ಎಡಗೈ ನನ್ನ ಸೊಂಟವನ್ನು ಬಿಟ್ಟಿರಲಿಲ್ಲ.

ಮಳೆಯಲ್ಲಿ ರಾಡು ಅಪ್ಪನ ಕೈಯಿಂದ ಜಾರಿ ಬಿತ್ತು. ನಾನು ಅದನ್ನು ಎತ್ತಿಕೊಂಡೆ.

ಮೊದಲ ಏಟು ಅವನ ಮೊಣಕಾಲಿಗೆ. ಜಡೆ ಬಿಟ್ಟ. ಎರಡನೆಯದು ಹೆಗಲಿಗೆ. ಬಿದ್ದ. ಅಲ್ಲಿಗೆ ಮುಗಿದಿತ್ತು, ಅವನು ಏಳುವಂತಿರಲಿಲ್ಲ. ನನ್ನ ಕೈ ಮತ್ತೆ ಮೇಲೆದ್ದಿತು. ಮೂರನೆಯದು ತಲೆಗೆ ಬಿತ್ತು. ಚರ್ಮ ಒಡೆದು ರಕ್ತ ಬಂತು, ಮಳೆನೀರಿನಲ್ಲಿ ಅವನ ಕೂದಲ ಕೆಂಪು ಪುಡಿಯೂ ರಕ್ತವೂ ಒಂದಾಗಿ ಹರಿದವು. ನಾಲ್ಕನೆಯದಕ್ಕೆ ಎತ್ತಿದಾಗ ಮೇಡಂ ನೆಲದಿಂದಲೇ ಕಿರುಚಿದರು: "ಹುಲಿಗೆಮ್ಮ, ಸಾಕು! ಸಾಕವ್ವ!"

ನಿಲ್ಲಿಸಿದೆ. ಆ ದನಿ ಬರದಿದ್ದರೆ ನಿಲ್ಲಿಸುತ್ತಿದ್ದೆನೆಂದು ನಾನು ಆಣೆ ಮಾಡಿ ಹೇಳಲಾರೆ.

ಪೊಲೀಸರು ಬಂದು ಮೂವರನ್ನೂ ಒಂದೇ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಒಂದು ಮಂಚದ ಮೇಲೆ ಮೇಡಂ ಕೈಗೆ ಪಟ್ಟಿ ಹಾಕುತ್ತಿದ್ದರು, ಇನ್ನೊಂದರ ಮೇಲೆ ಅಪ್ಪನ ತಲೆಗೆ ಹೊಲಿಗೆ. ನಡುವೆ ಸ್ಟೂಲಿನ ಮೇಲೆ ನಾನು. ಸಬ್ ಇನ್ಸ್‌ಪೆಕ್ಟರ್ ಬಂದು ಅಪ್ಪನನ್ನು ಕೇಳಿದ: "ತಲಿಗೆ ಯಾರು ಹೊಡೆದ್ರು?"

ಅಪ್ಪ ನನ್ನ ಕಡೆ ನೋಡಿದ. "ಯಾರೂ ಇಲ್ಲ ಸಾ. ಮಳಿಯಾಗ ಕಾಲು ಜಾರಿ ಬಿದ್ದೆ. ಕಟ್ಟಿ ಬಡೀತು."

ಯಾಕೆ ಸುಳ್ಳು ಹೇಳಿದನೆಂದು ನನಗೆ ತಿಳಿಯಲಿಲ್ಲ. ಇನ್ಸ್‌ಪೆಕ್ಟರ್ ಮೇಡಂ ಕಡೆ ತಿರುಗಿದಾಗ ಅಪ್ಪ ನನ್ನತ್ತ ಬಾಗಿದ. ಬಾಯಲ್ಲಿ ರಕ್ತವಿತ್ತು, ನಗುತ್ತಿದ್ದ.

"ಹೆಂಗ್ ಹೊಡದೆಲೇ! ಗಂಡಸಿನ ಏಟು. ನನ್ನ ರಕ್ತ ನೀ, ಸುಳ್ಳಲ್ಲ," ಎಂದ. "ನಿನ್ನ ಉಳಿಸೀನಿ ನೋಡು. ಕೇಸಾದ್ರ ಯಾವ ಕಾಲೇಜೂ ಇಲ್ಲ ನಿನಗ. ಈಗ ಸುಮ್ನ ಮನಿಗೆ ನಡಿ."

ಸುಮ್ಮನಿದ್ದರೆ ಸೀಟು ಉಳಿಯುತ್ತಿತ್ತೋ ಏನೋ. ಆದರೆ ಆ ಉಪಕಾರವನ್ನು ಹೊತ್ತುಕೊಂಡು ಬದುಕಿದಷ್ಟು ದಿನ ಅವನ ಮಗಳಾಗಿ ತಿರುಗಬೇಕಿತ್ತು. ಎದ್ದು ನಿಂತೆ.

"ಸರ್, ಸುಳ್ಳು ಹೇಳ್ತಾನ. ನಾ ಹೊಡೆದೆ. ಮೂರು ಸಲ ಹೊಡೆದೆ. ಅವ ಮೊದ್ಲು ಮೇಡಂ ಕೈ ಮುರದ. ಎರಡೂ ಬರ್ಕೊಳ್ರಿ."

ಇನ್ಸ್‌ಪೆಕ್ಟರ್ ಪೆನ್ನು ನಿಲ್ಲಿಸಿದ. "ವಿಚಾರ ಮಾಡಿ ಹೇಳವ್ವ."

"ಮಾಡೀನ್ರಿ."

ಎರಡನ್ನೂ ಬರೆದುಕೊಂಡ. ಅಪ್ಪನ ನಗು ಆರಿಹೋಯಿತು. ಹೊಲಿಗೆ ಮುಗಿದ ಮೇಲೆ ಅವನನ್ನು ಹಿಡಿದುಕೊಂಡು ಹೋದರು. ಬಾಗಿಲಲ್ಲಿ ಹಿಂದಿರುಗಿ ನೋಡಿ, ನಾನು ಇಲ್ಲಿ ಬರೆಯಲಾರದ ಮಾತೊಂದನ್ನು ಅಂದ. ಮೇಡಂ ಜೀವ ಉಳಿಸಲು ಹೊಡೆದದ್ದೆಂದು ನನ್ನ ಮೇಲಿನ ಕೇಸು ಮುಂದೆ ಬಿದ್ದುಹೋಯಿತು. ಅಂದು ಅದು ಯಾರಿಗೂ ಗೊತ್ತಿರಲಿಲ್ಲ.

ಹೋಗಲು ನನಗೆ ಜಾಗ ಇರಲಿಲ್ಲ. ಮೇಡಂ ಕುರುಗೋಡಿಗೆ ಕರೆದುಕೊಂಡು ಹೋದರು. ಬಂಡೆಗುಡ್ಡದ ಬುಡದಲ್ಲಿ, ಬಳೆ ಅಂಗಡಿಯ ಹಿಂದೆ ಅವರ ಮನೆ. ಗಂಡ ದೂರದೂರಿನಲ್ಲಿ ಸರಕಾರಿ ನೌಕರಿಯಲ್ಲಿದ್ದರು. ಮನೆಯಲ್ಲಿದ್ದವರು ಅತ್ತೆ ಖಾಜಾಬಿ ಮಾತ್ರ. ಬಳೆ ಅಂಗಡಿ ನೋಡಿಕೊಳ್ಳುತ್ತಿದ್ದ ಗಟ್ಟಿ ಮುದುಕಿ. ಸೊಸೆಯ ಕಟ್ಟಿದ ಕೈ ನೋಡಿದರು, ನನ್ನನ್ನು ನೋಡಿದರು.

"ಇವರಪ್ಪನಾ ಮುರದದ್ದು?"

"ಹೂಂ ಅತ್ತೆ."

"ಮತ್ತ ಇಕಿನ್ನ ಮನಿಗೇ ಕರ್ಕೊಂಡು ಬಂದೀ!"

ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದರು. ಆಮೇಲೆ ಹೊರಬಂದು ನನ್ನನ್ನು ಕೇಳಿದರು: "ನಮ್ಮ ಮನ್ಯಾಗ ಉಣ್ತೀಯೇನವ್ವ? ಇಲ್ಲಂದ್ರ ಹೇಳು, ಬಾಜೂ ಮನಿ ಗೌಡರ ಕಡಿಂದ ತರಸ್ತೀನಿ."

"ಎಲ್ಲಾರ ಕೈದೂ ಉಂಡು ಬೆಳದೀನ್ರಿ ಅಜ್ಜಿ," ಎಂದೆ. ರೊಟ್ಟಿ, ಪುಂಡಿಪಲ್ಲೆ ಹಾಕಿದರು. ತಟ್ಟೆ ಮುಂದೆ ಇಟ್ಟುಕೊಂಡಾಗ ಆ ದಿನ ಮೊದಲ ಸಲ ಅಳು ಬಂತು.

ಆ ಇಪ್ಪತ್ತು ದಿನ ಮೇಡಂಗೆ ಬಲಗೈ ಆಗಿ ನಾನಿದ್ದೆ. ಬಟ್ಟೆ ಒಗೆದೆ, ಅವರು ಹೇಳಿದ ಪತ್ರಗಳನ್ನು ವಿಶ್ವವಿದ್ಯಾಲಯಕ್ಕೆ ಬರೆದೆ, ಬೆಳಿಗ್ಗೆ ತಲೆ ಬಾಚಿ ಜಡೆ ಹಾಕಿದೆ. ಒಂದು ದಿನ ಸಿಕ್ಕು ಬಿಡಿಸುವಾಗ ಕೂದಲು ಜಗ್ಗಿ ಅವರು ಹಾ ಎಂದರು. ನನ್ನ ಕೈಯಿಂದ ಬಾಚಣಿಗೆ ಬಿತ್ತು.

"ಮೇಡಂ, ನಾನೂ ಅವನಂಗ ಅದೀನೇನ್ರಿ?"

ಅವರು ತಿರುಗಿ ಕುಳಿತರು. "ಅವತ್ತು ನಿನ್ನ ಮಾರಿ ನೋಡಿ ನನಗ ಹೆದರಿಕಿ ಆತು. ಖರೇ ಹೇಳ್ತೀನಿ. ಕೈ ಮುರದ ನೋವೂ ಮರೀತು," ಎಂದರು. ಮಡಿಲಲ್ಲಿದ್ದ ಕಟ್ಟಿದ ಕೈ ಸರಿಸಿಕೊಂಡು, "ಆದ್ರ ನಾ ಸಾಕು ಅಂದೆ, ನೀ ನಿಂತಿ. ನಿಮ್ಮವ್ವನೂ ಅಂದಿರಬೇಕಲ್ಲ, ಸಾಕು ಅಂತ. ಅವ ನಿಂತನೇನು?" ಎಂದರು. ನಾನು ಬಾಚಣಿಗೆ ಎತ್ತಿಕೊಂಡೆ. ಅವರು ಮತ್ತೆ ತಲೆ ಒಡ್ಡಿ ಕುಳಿತರು.

ಜೂನ್ ಕೊನೆಯಲ್ಲಿ ನನ್ನ ಸೀಟಿನ ಬಗ್ಗೆ ಸಭೆ ಕರೆದರು. ಉದ್ದ ಮೇಜು, ಐದು ಮಂದಿ. ಮಧ್ಯದಲ್ಲಿದ್ದ ಹಿರಿಯರು ಕನ್ನಡಕ ಒರೆಸುತ್ತಾ, "ನೋಡಿ ಮೇಡಂ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಪ್ರವೇಶದ ದಿನವೇ ಕಾಲೇಜಿನಲ್ಲಿ ರಕ್ತ ಹರಿಯಿತು. ಇಂಥ ಹಿನ್ನೆಲೆಯ ಹುಡುಗಿಯರನ್ನು ತಂದರೆ ಅವರ ಹಿಂದೆ ಇನ್ನೂ ಏನೇನು ಬರುತ್ತದೋ! ಹಾಸ್ಟೆಲಿನ ಉಳಿದ ಮಕ್ಕಳ ತಂದೆ ತಾಯಿಗೆ ನಾವೇನು ಹೇಳೋಣ?" ಎಂದರು.

ಮೇಡಂ ಎದ್ದರು. "ಸರ್, ರಕ್ತ ಆಕಿ ತಂದಿದ್ದಲ್ಲ. ಆಶ್ರಮ ಹೊರಗ ಹಾಕಿದ ದಿನಕ್ಕೂ ನಾವು ಒಳಗ ಕರಕೊಳ್ಳೋ ದಿನಕ್ಕೂ ನಡುವ ಇಪ್ಪತ್ತು ದಿನ ಬಯಲಿನ್ಯಾಗ ಬಿಟ್ಟಿದ್ವಿ. ಆ ಬಯಲಿನ್ಯಾಗ ಆತ ಬಂದು ನಿಂತ. ಮುಂದಿನ ವರ್ಷ ಬರೋ ಹುಡುಗಿಗೆ ಹಾಸ್ಟೆಲ್ ಜೂನ್‌ನಾಗ ತೆರೀರಿ. ಈ ವರ್ಷದಾಕಿನ್ನ ಮಾತ್ರ ಹೊರಗ ಹಾಕಬ್ಯಾಡ್ರಿ. ಕೈ ಮುರದದ್ದು ನಂದು. ಆಕಿ ಮ್ಯಾಲ ದೂರು ಕೊಡೋದಿದ್ರ ನಾ ಕೊಡಬೇಕು. ನಾ ಕೊಡೂದಿಲ್ಲ."

ನನ್ನನ್ನು ಹೊರಗೆ ಕಳಿಸಿದರು. ಒಳಗಿನ ದನಿಗಳು ಏರಿದವು, ಇಳಿದವು. ಕೊನೆಗೆ ಕರೆದು, ಸೀಟು ಉಂಟು, ಪೋಷಕರೊಬ್ಬರು ಸಹಿ ಹಾಕಿ ಜವಾಬ್ದಾರಿ ಹೊರಬೇಕು ಎಂದರು. ಗುಮಾಸ್ತ ಹೊಸ ಅರ್ಜಿ ತಂದ. ಅಂದು ಕಿಟಕಿ ಎಳೆದುಕೊಂಡವನೇ. ಮೇಡಂ ಪೆನ್ನನ್ನು ಎಡಗೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದನೇ ತರಗತಿಯ ಮಗುವಿನಂತೆ ಸೊಟ್ಟಸೊಟ್ಟಾಗಿ ಹೆಸರು ಬರೆದರು.

"ಸಹಿ ರೆಕಾರ್ಡಿಗೆ ತಾಳೆ ಆಗೂದಿಲ್ರಿ ಮೇಡಂ," ಎಂದ ಗುಮಾಸ್ತ.

"ಕೈ ಕೂಡಿದ ಮ್ಯಾಲ ಇನ್ನೊಂದು ಹಾಕ್ತೀನಿ. ಈಗ ಸಿಕ್ಕಾ ಹೊಡಿ."

ಗುಮಾಸ್ತ ಮುದ್ರೆ ಹೊಡೆದ.

ಹಾಸ್ಟೆಲು ತೆರೆದ ದಿನ ಬೆಳಿಗ್ಗೆಯೇ ಹೋದೆ. ಮೂಲೆಯ ಕೋಣೆ, ಎರಡು ಕಬ್ಬಿಣದ ಮಂಚ, ಒಂದು ಕಿಟಕಿಯ ಪಕ್ಕ, ಇನ್ನೊಂದು ಗೋಡೆಗೆ. ಕಿಟಕಿಯ ಪಕ್ಕದ್ದರ ಮೇಲೆ ನನ್ನ ಗಂಟು ಇಟ್ಟು ಕುಳಿತೆ. ಮಧ್ಯಾಹ್ನ ಸಿರಿಗೇರಿಯಿಂದ ಒಬ್ಬಳು ಹುಡುಗಿ ಬಂದಳು, ಹೆಸರು ಗಂಗಮ್ಮ. ಜೊತೆಗೆ ಅವಳಪ್ಪ, ಹೆಗಲ ಮೇಲೆ ಟ್ರಂಕು ಹೊತ್ತ ರೈತ. ಮಗಳನ್ನು ಬಿಟ್ಟು ಹೋಗುವ ಸಂಕಟ ಅವನ ಮುಖದಲ್ಲೇ ಇತ್ತು. ಮಾತಿಗೆಂದು ನನ್ನನ್ನು ಕೇಳಿದ: "ಯಾವೂರವ್ವ? ನಿಮ್ಮಪ್ಪ ಏನ್ ಮಾಡ್ತಾನ?"

ಸತ್ತಿದ್ದಾನೆ ಎನ್ನಬಹುದಿತ್ತು. ದಾರಿಯುದ್ದಕ್ಕೂ ಅದೇ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ.

"ಜೈಲಿನ್ಯಾಗ ಅದಾನ್ರಿ. ನಮ್ಮವ್ವನ್ನ ಕೊಂದ. ಕಾಲೇಜಿನ್ಯಾಗ ಮೊನ್ನೆ ಗಲಾಟಿ ಆತಲ್ರಿ, ಆ ಹುಡುಗಿ ನಾನ."

ಗಂಗಮ್ಮ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು. ಅವಳಪ್ಪ ಟ್ರಂಕು ಹೊತ್ತೇ ನಿಂತಿದ್ದ. ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ, ನನ್ನ ಕೈಗಳನ್ನೂ ನೋಡಿದ. ನಾನು ಎದ್ದು ಗಂಟು ಎತ್ತಿಕೊಂಡೆ. ಬೇರೆ ಕೋಣೆಗೆ ಹೋಗು ಎನ್ನುತ್ತಾನೆ, ಅನ್ನುವ ಮೊದಲೇ ಹೋಗೋಣ ಎಂದು.

"ಗಾಳಿ ಬೇಕಂದ್ರ ಆಕಿನ ಈ ಮಂಚ ತಗೊಳ್ಳಲ್ರಿ," ಎಂದೆ.

ಅವನು ಟ್ರಂಕನ್ನು ಮೆಲ್ಲಗೆ ಇಳಿಸಿ ಗೋಡೆಯ ಕಡೆಯ ಮಂಚದ ಕೆಳಗೆ ಸರಿಸಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಕುಂದ್ರವ್ವ," ಎಂದ. "ನೀ ಮೊದಲ ಬಂದೀದಿ. ಅದು ನಿಂದು."